ಕುಂಪಣಿ

ಕನ್ನಡದಲ್ಲಿ ಒಂದೇ ಬೇರಿನ ಎರಡು ಪದಗಳು ಅಕ್ಕಪಕ್ಕ ಬಾಳುತ್ತಿವೆ: ಕುಂಪಣಿ ಮತ್ತು ಕಂಪನಿ. ಕಂಪನಿಯಲ್ಲಿ ಕೆಲಸ ಸಿಗುತ್ತದೆ. ಕಂಪನಿ ನಾಟಕ ನೋಡಲು ಊರೂರಿಂದ ಗಾಡಿ ಕಟ್ಟಿಕೊಂಡು ಬರುತ್ತಿದ್ದ ಕಾಲವಿತ್ತು. ಒಬ್ಬರೇ ಕೂತವರಿಗೆ ಕಂಪನಿ ಕೊಡುವುದೂ ಉಂಟು. ಕುಂಪಣಿಗೆ ಈ ಯಾವ ಸಲಿಗೆಯೂ ಇಲ್ಲ. ಅದಕ್ಕಿರುವುದು ಸರಕಾರ, ದಂಡು, ಕಂದಾಯ. ಕಿತ್ತೂರು, ಸಂಗೊಳ್ಳಿ, ಹಲಗಲಿಯ ಲಾವಣಿಗಳಲ್ಲಿ ಎದುರಾಳಿಯಾಗಿ ನಿಲ್ಲುವುದು ಕುಂಪಣಿಯೇ. ವ್ಯಾಪಾರಕ್ಕೆಂದು ಬಂದು ಆಳತೊಡಗಿದವರ ನೆನಪನ್ನು ಕನ್ನಡಿಗರು ಒಂದು ಪದದಲ್ಲಿ ಕಟ್ಟಿಟ್ಟು, ಉಳಿದದ್ದನ್ನೆಲ್ಲ ಇನ್ನೊಂದಕ್ಕೆ ಬಿಟ್ಟುಕೊಟ್ಟಿದ್ದಾರೆ.

ಮೂಲದಲ್ಲಿ ಪದ ಬಡಪಾಯಿ. ಲ್ಯಾಟಿನ್ನಿನ 'ಪಾನಿಸ್' ಎಂದರೆ ರೊಟ್ಟಿ. ಕೂಡಿ ರೊಟ್ಟಿ ತಿನ್ನುವವರ ಗುಂಪೇ ಮುಂದೆ ವ್ಯಾಪಾರಿಗಳ ಕೂಟವಾಯಿತು, ಸೈನ್ಯದ ತುಕಡಿಯೂ ಆಯಿತು. ಈ ಎರಡು ಅರ್ಥಗಳು ಒಂದಾದದ್ದು 17ನೇ ಶತಮಾನದಲ್ಲಿ. ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಗೆ 1600ರಲ್ಲಿ ಸನ್ನದು ಸಿಕ್ಕಿತು. ನೆದರ್‌ಲೆಂಡ್ಸಿನ ಕುಂಪಣಿ ಹುಟ್ಟಿದ್ದು 1602ರ ಮಾರ್ಚ್ 20ರಂದು. ಕೋಟೆ ಕಟ್ಟುವ, ಸೈನಿಕರನ್ನು ಇಡುವ, ಅರಸರೊಡನೆ ಒಪ್ಪಂದ ಮಾಡುವ ಅಧಿಕಾರವನ್ನು ಅದರ ಸನ್ನದೇ ಬರೆದುಕೊಟ್ಟಿತ್ತು.

ಈ ಪದದ ಜಾತಕವನ್ನು ಕಾಲ್ನಡಿಗೆಯಲ್ಲೇ ಓದಬಹುದಾದ ಊರು ಆಮ್‌ಸ್ಟರ್‌ಡಾಮ್. ಕಂಪನಿ ಕೆಲಸಕ್ಕೆಂದು ಬಂದ ಬೆಂಗಳೂರಿನ ಎಂಜಿನಿಯರಿಗೆ ಶನಿವಾರ, ಭಾನುವಾರ ಖಾಲಿ ಬಿದ್ದರೆ ಶನಿವಾರದ ಮಟ್ಟಿಗೆ ನಕಾಶೆ, ಟಿಕೆಟ್ಟು, ಜೊತೆಗಾರ ಯಾವುದೂ ಬೇಕಿಲ್ಲ. ಸೆಂಟ್ರಲ್ ರೈಲು ನಿಲ್ದಾಣದಿಂದ ನೇರ ನಡೆದು, ಡಾಮ್ ಚೌಕ ದಾಟಿದರೆ ನೆಸ್ ಎಂಬ ಇಕ್ಕಟ್ಟಾದ ಬೀದಿ. ಈಗ ಅದು ನಾಟಕಶಾಲೆಗಳ ಬೀದಿ. ಕಂಪನಿ ನಾಟಕದ ನಾಡಿನಿಂದ ಬಂದವರಿಗೆ ಇದು ಸರಿಯಾಗಿಯೇ ಇದೆ ಅನ್ನಿಸಬೇಕು. 1602ರ ಆಗಸ್ಟ್ ತಿಂಗಳಲ್ಲಿ ಇದೇ ಬೀದಿಯಲ್ಲಿದ್ದ ಡಿರ್ಕ್ ವಾನ್ ಓಸ್ ಎಂಬ ವರ್ತಕನ ಮನೆಯಲ್ಲಿ ಕುಂಪಣಿಯ ಷೇರು ಪುಸ್ತಕ ತೆರೆದಿತ್ತು. ಹಣ ಹೂಡುವವರು ಬಂದು ಹೆಸರು ಬರೆಸಬೇಕು. ಆರು ಊರುಗಳ ಶಾಖೆಗಳಿಂದ ಕೂಡಿದ ಒಟ್ಟು ಬಂಡವಾಳ ಸುಮಾರು 64 ಲಕ್ಷ ಗಿಲ್ಡರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಈ ಒಂದೇ ಪುಸ್ತಕದಿಂದ. ಅದರಲ್ಲಿ 1,143 ಹೂಡಿಕೆದಾರರಿದ್ದರು. ವಾನ್ ಓಸನ ಮನೆಗೆಲಸದ ಹೆಂಗಸು ನೇಲ್ಟ್‌ಖೆನ್ ಕೊರ್ನೆಲಿಸ್ ಕೂಡ ತನ್ನ 100 ಗಿಲ್ಡರ್ ಬರೆಸಿದ್ದಳು. ದಿನಗೂಲಿ ಅರ್ಧ ಗಿಲ್ಡರನ್ನೂ ಮುಟ್ಟದ ಹೆಂಗಸಿಗೆ ಅದು ಸಣ್ಣ ಮೊತ್ತವಲ್ಲ. ರೊಟ್ಟಿ ಹಂಚಿಕೊಳ್ಳುವವರ ಕೂಟ ಎಂಬ ಹಳೆಯ ಅರ್ಥ ಆ ಪುಸ್ತಕದ ಮಟ್ಟಿಗಾದರೂ ಸುಳ್ಳಾಗಿರಲಿಲ್ಲ. ರೊಟ್ಟಿ ಯಾರದು ಎಂಬುದು ಬೇರೆ ಮಾತು.

ನೆಸ್‌ನಿಂದ ಕೆಲವೇ ನಿಮಿಷ ನಡೆದರೆ ಔದೆ ಹೋಖ್‌ಸ್ಟ್ರಾಟ್ ಬೀದಿ, ಅಲ್ಲಿ ಕುಂಪಣಿಯ ಕಚೇರಿ. ಕೆಂಪು ಇಟ್ಟಿಗೆಯ ಗೋಡೆ, ನಡುವೆ ಬಿಳಿ ಕಲ್ಲಿನ ಪಟ್ಟಿ, ಒಳಗೊಂದು ಅಂಗಳ. 1606ರಲ್ಲಿ ಕಟ್ಟಲು ತೊಡಗಿದ ಈ ಮನೆಯಲ್ಲಿ ಹದಿನೇಳು ಮಂದಿ ನಿರ್ದೇಶಕರು ಕೂತು, ಯಾವ ದ್ವೀಪಕ್ಕೆ ಎಷ್ಟು ಹಡಗು, ಎಷ್ಟು ಮೆಣಸು ಎಂದು ತೀರ್ಮಾನಿಸುತ್ತಿದ್ದರು. ಈಗ ಅದು ಆಮ್‌ಸ್ಟರ್‌ಡಾಮ್ ವಿಶ್ವವಿದ್ಯಾಲಯದ ಕೈಯಲ್ಲಿದೆ. ಹಡಗಿನ ಲೆಕ್ಕ ಹಾಕಿದ ಅಂಗಳದಲ್ಲಿ ವಿದ್ಯಾರ್ಥಿಗಳು ಸೈಕಲ್ ನಿಲ್ಲಿಸುತ್ತಾರೆ.

ಕುಂಪಣಿಯ ಪೂರ್ಣ ಹೆಸರನ್ನು ಡಚ್ಚರು ಹೇಳುವುದು ಕಡಿಮೆ, ವಿ.ಒ.ಸಿ. ಎಂಬ ಮೂರಕ್ಷರವೇ ಸಾಕು. ದೊಡ್ಡ 'ವಿ'ಯ ಎರಡು ತೋಳುಗಳ ಮೇಲೆ 'ಒ' ಮತ್ತು 'ಸಿ' ಹೆಣೆದ ಆ ಗುರುತು ಫಿರಂಗಿ, ನಾಣ್ಯ, ಪಿಂಗಾಣಿ ತಟ್ಟೆಗಳ ಮೇಲೆಲ್ಲ ಇತ್ತು. ದಕ್ಷಿಣ ಭಾರತದವರಿಗೆ ವಿ.ಒ.ಸಿ. ಎಂದರೆ ನೆನಪಾಗುವುದು ಬೇರೆಯವರು. 1658ರಲ್ಲಿ ಡಚ್ ಕುಂಪಣಿ ಪೋರ್ಚುಗೀಸರಿಂದ ಕಸಿದುಕೊಂಡ ತೂತುಕುಡಿಯಲ್ಲೇ, 1906ರಲ್ಲಿ ವಿ.ಒ. ಚಿದಂಬರಂ ಪಿಳ್ಳೆಯವರು ಬ್ರಿಟಿಷರ ಹಡಗುಗಳಿಗೆ ಎದುರಾಗಿ ಸ್ವದೇಶಿ ಹಡಗು ಕಂಪನಿ ಕಟ್ಟಿದರು. ಇಂದು ಆ ಬಂದರಿಗೆ ಅವರದೇ ಹೆಸರು. ಅಕ್ಷರಗಳಿಗೂ ಒಮ್ಮೊಮ್ಮೆ ನ್ಯಾಯ ಸಿಗುತ್ತದೆ.

ಭಾನುವಾರಕ್ಕೆ ಹೋರ್ನ್. ಆಮ್‌ಸ್ಟರ್‌ಡಾಮಿನಿಂದ ರೈಲಿನಲ್ಲಿ ಗಂಟೆಗೂ ಕಡಿಮೆ ದಾರಿ. ಇದೂ ಕುಂಪಣಿಯ ಆರು ಶಾಖೆಗಳಲ್ಲೊಂದು. ಊರ ನಡುವಿನ ಚೌಕದಲ್ಲಿ 1893ರಲ್ಲಿ ನಿಲ್ಲಿಸಿದ ಯಾನ್ ಪೀಟರ್‌ಸ್ಜೋನ್ ಕೂನ್‌ನ ಪ್ರತಿಮೆಯಿದೆ. ಜಾಯಿಕಾಯಿಯ ವ್ಯಾಪಾರ ಬೇರೆಯವರ ಪಾಲಾಗಬಾರದೆಂದು 1621ರಲ್ಲಿ ಬಂಡಾ ದ್ವೀಪಗಳ ಮೇಲೆ ದಂಡೆತ್ತಿ ಹೋದ ಗವರ್ನರ್ ಜನರಲ್ ಈತ. ಸಾವಿರಾರು ದ್ವೀಪವಾಸಿಗಳು ಕತ್ತಿಗೂ ಹಸಿವಿಗೂ ಸಿಕ್ಕಿ ಸತ್ತರು, ಉಳಿದವರಲ್ಲಿ ಬಹಳ ಮಂದಿ ಗುಲಾಮರಾದರು. 2011ರಲ್ಲಿ ಕ್ರೇನ್ ತಗುಲಿ ಪ್ರತಿಮೆ ಕೆಳಗೆ ಬಿತ್ತು. ಯಾರೂ ಉರುಳಿಸಿದ್ದಲ್ಲ, ಅಪಘಾತವೇ. ಮತ್ತೆ ನಿಲ್ಲಿಸಬೇಕೆ ಎಂಬ ಚರ್ಚೆ ನಡೆದು, ಕೊನೆಗೆ ನಿಲ್ಲಿಸಿ, 2012ರಲ್ಲಿ ಕೆಳಗಿನ ಫಲಕದ ಬರಹವನ್ನು ಬದಲಿಸಿದರು. ಆತನ ಹಿಂಸೆಯ ಮಾತೂ ಈಗ ಅಲ್ಲಿದೆ.

ಪದ ಹೋದಲ್ಲೆಲ್ಲ ಒಂದೇ ಬಣ್ಣ ತಾಳಿತು. ಮಲಯ, ಜಾವಾ ಭಾಷೆಗಳಲ್ಲಿ 'ಕೊಂಪೆನಿ' ಎಂದರೆ ಡಚ್ ಆಳ್ವಿಕೆ. ಕುಂಪಣಿ 1799ರಲ್ಲಿ ಸಾಲದಲ್ಲಿ ಮುಳುಗಿ ಮುಚ್ಚಿದ ಮೇಲೂ ಅಲ್ಲಿನ ಜನ ಸರಕಾರವನ್ನು ಕೊಂಪೆನಿ ಎಂದೇ ಕರೆದರು. ತಮಿಳಿನಲ್ಲಿ ಅದು ಕುಂಪಿನಿ. ತವರಿನಲ್ಲಿ ಮಾತ್ರ ಪದ ಸೊರಗಿದೆ. ಇಂದಿನ ಡಚ್ಚರು ಕಂಪನಿಗೆ ಹೇಳುವುದು 'ಬೆದ್ರೈಫ್'. 'ಕೊಂಪನ್ಯಿ' ಚರಿತ್ರೆಗೂ ಸೈನ್ಯಕ್ಕೂ ಮೀಸಲು. 2006ರಲ್ಲಿ ಪ್ರಧಾನಿ ಬಾಲ್ಕನೆಂಡೆ ಸಂಸತ್ತಿನಲ್ಲಿ ದೇಶಕ್ಕೆ 'ವಿ.ಒ.ಸಿ. ಮನೋಭಾವ' ಬೇಕೆಂದು ಹುರುಪಿನಿಂದ ಹೇಳಿ, ಗುಲಾಮರ ವ್ಯಾಪಾರವೂ ಅದರಲ್ಲಿ ಸೇರಿತೆ ಎಂಬ ಟೀಕೆಗೆ ಗುರಿಯಾದರು. 2023ರ ಜುಲೈ 1ರಂದು ದೊರೆ ವಿಲ್ಲೆಮ್ ಅಲೆಕ್ಸಾಂಡರ್ ಆಮ್‌ಸ್ಟರ್‌ಡಾಮಿನ ಓಸ್ಟರ್ ಪಾರ್ಕಿನಲ್ಲಿ ನಿಂತು ಗುಲಾಮಗಿರಿಗಾಗಿ ಕ್ಷಮೆ ಕೇಳಿದರು. ಆ ಉದ್ಯಾನದ ಆಚೆಯ ಬಡಾವಣೆಯಲ್ಲಿ ಇಂದಿಗೂ ಜಾವಾ, ಸುಮಾತ್ರಾ, ಬಾಲಿ ಹೆಸರಿನ ಬೀದಿಗಳಿವೆ.

ಕನ್ನಡ ಕರಾವಳಿಗೂ ಈ ಕುಂಪಣಿ ಹೊಸದಲ್ಲ. 17ನೇ ಶತಮಾನದಲ್ಲಿ ಅಕ್ಕಿ, ಮೆಣಸಿನ ವ್ಯಾಪಾರಕ್ಕಾಗಿ ಅದು ಕೆಳದಿಯ ನಾಯಕರೊಡನೆ ವ್ಯವಹರಿಸಿ ಬಸ್ರೂರಿನಲ್ಲಿ ಕೋಠಿ ಇಟ್ಟಿತ್ತು. ಕುಂಪಣಿಯ ದಫ್ತರಗಳು ಹೇಗ್ ನಗರದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಒಂದರ ಪಕ್ಕ ಒಂದು ಜೋಡಿಸಿದರೆ ಕಿಲೋಮೀಟರಿಗೂ ಉದ್ದ. 2003ರಲ್ಲಿ ಯುನೆಸ್ಕೋ ವಿಶ್ವ ಸ್ಮೃತಿಯ ಪಟ್ಟಿಗೆ ಸೇರಿದ ಈ ಕಾಗದಗಳಲ್ಲಿ ಬಹುಪಾಲು ಈಗ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ನೋಡಸಿಗುತ್ತವೆ. ಕೆಳದಿಯ ಚರಿತ್ರೆ ಬರೆಯುವವರಲ್ಲಿ ಒಂದಿಬ್ಬರಾದರೂ ಹಳೆಯ ಡಚ್ ಕಲಿಯಬೇಕು.