ಕೈ ಕಲಿಯಿತು, ಕಾಲು?

ಬೈಲಕುಪ್ಪೆಯ ಮಣ್ಣುದಾರಿಯಲ್ಲಿ ಟ್ರ್ಯಾಕ್ಟರ್ ಓಡಿಸಿದವರಿಗೆ ಗೊತ್ತು, ಚಕ್ರ ಗುಂಡಿಗೆ ಇಳಿದರೆ ಸ್ಟೀರಿಂಗ್ ಕೈಯನ್ನೇ ಎಳೆಯುತ್ತದೆ. ರೇಸ್ ಗೇಮಿನ ಸ್ಟೀರಿಂಗಿಗೆ ಈ ಎಳೆತ ಬಂದದ್ದು ತಡವಾಗಿ. 1974ರಲ್ಲಿ ಅಮೆರಿಕದ ಅಟಾರಿ ತಂದ, ನಾಣ್ಯ ಹಾಕಿ ಆಡುವ ‘ಗ್ರಾನ್ ಟ್ರಾಕ್ 10’ ಯಂತ್ರದಲ್ಲಿ ಸ್ಟೀರಿಂಗ್, ಗೇರ್, ಆಕ್ಸಿಲರೇಟರ್, ಬ್ರೇಕ್ ಇದ್ದವು, ಕ್ಲಚ್ ಇಲ್ಲ. ನಮ್ಮ ಡ್ರೈವರುಗಳು ನಕ್ಕಾರು! 1989ರ ‘ಹಾರ್ಡ್ ಡ್ರೈವಿನ್’ ಯಂತ್ರ ಕ್ಲಚ್ ಕೊಟ್ಟಿತು. ಸ್ಟೀರಿಂಗಿಗೆ ಮೋಟಾರ್ ಜೋಡಿಸಿ ಎಳೆತವನ್ನೂ ಕೊಟ್ಟಿತು. 2006ರಲ್ಲಿ ಲಾಜಿಟೆಕ್‌ನ ಜಿ25 ಇದನ್ನೆಲ್ಲ ಮನೆಯ ಮೇಜಿಗೆ ತಂದಿತು: ಎರಡೂವರೆ ಸುತ್ತು ತಿರುಗುವ ಸ್ಟೀರಿಂಗ್, ಮೂರು ಪೆಡಲ್. ಅದರಲ್ಲಿ ಪಳಗಿದ ಹುಡುಗ ಅಪ್ಪನ ಜೀಪಿನ ಕೀ ಕೇಳಿದರೆ ನನಗೆ ಅವನ ಕೈಯ ಭಯವಿಲ್ಲ, ಕಾಲಿನದೇ ಭಯ. ಜೀಪು ನಿಲ್ಲುವುದು ತುಳಿತದ ಬಲಕ್ಕೆ. ಆ ಬ್ರೇಕ್ ಪೆಡಲ್ ಅಳೆಯುವುದು ತಾನು ಎಷ್ಟು ಕೆಳಗಿಳಿದೆ ಎಂಬುದನ್ನು ಮಾತ್ರ.