ಬೇಲಿಯೂ ಅವರೇ, ಹೊಲವೂ ಅವರೇ

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಫ್ರಟರ್ನಿಟಿ (ಹುಡುಗರ ಸಂಘ), ಸೊರೊರಿಟಿ (ಹುಡುಗಿಯರ ಸಂಘ) ಇವುಗಳ ಶಿಸ್ತು ವಿಚಾರಣಾ ಮಂಡಳಿಗೆ ಸದಸ್ಯರಾಗಿ ಬರುವ ವಿದ್ಯಾರ್ಥಿಗಳಿಗೆ ತರಬೇತಿಯಲ್ಲಿ ಅಣಕು ವಿಚಾರಣೆ ಮಾಡಿಸುವುದುಂಟು. ಅಂಥದ್ದೊಂದನ್ನು ಕಲ್ಪಿಸಿಕೊಳ್ಳೋಣ. ಉದ್ದನೆಯ ಮೇಜು. ಒಂದು ಬದಿಯಲ್ಲಿ ಐವರು ವಿದ್ಯಾರ್ಥಿಗಳು, ತುದಿಯಲ್ಲಿ ಬಾಯಿ ತೆರೆಯದೆ ಕೂತ ಸಿಬ್ಬಂದಿ ಸಲಹೆಗಾರ. ಎದುರಿಗೆ ಟೈ ಕಟ್ಟಿಕೊಂಡು ಬಂದಿರುವ, ಫ್ರಟರ್ನಿಟಿಯೊಂದರ ಶಾಖೆಯ ಅಧ್ಯಕ್ಷ, ಅವನಿಗೂ ಇಪ್ಪತ್ತೊಂದೇ ವಯಸ್ಸು. ಹೊಸ ಸದಸ್ಯರಿಗೆ ಬಲವಂತವಾಗಿ ಕುಡಿಸಿದರು ಎಂಬುದು ದೂರು. "ಅದು ನಮ್ಮ ಶಾಖೆಯ ಕಾರ್ಯಕ್ರಮವೇ ಅಲ್ಲ, ನಾಲ್ಕು ಜನ ಗೆಳೆಯರು ಸೇರಿದ್ದರು ಅಷ್ಟೆ" ಅನ್ನುತ್ತಾನೆ ಅವನು. ನಿಯಮಾವಳಿ ತಿರುವುತ್ತಿದ್ದವರು ಮುಂದೇನು ಕೇಳುವುದೆಂದು ತೋಚದೆ ಸುಮ್ಮನಾಗುತ್ತಾರೆ. ಆಗ ಸೊರೊರಿಟಿಯೊಂದರ ಹುಡುಗಿ ಕೇಳುತ್ತಾಳೆ: "ಹಾಗಿದ್ದರೆ ಹೊಸಬರ ಫೋನುಗಳನ್ನು ಬಾಗಿಲಲ್ಲೇ ಯಾಕೆ ಇಸ್ಕೊಂಡ್ರಿ?"

ಕಾನೂನು ಓದಿದ ಅಧಿಕಾರಿಗೆ ಈ ಪ್ರಶ್ನೆ ಹೊಳೆಯುವುದು ಕಷ್ಟ. ಹಾವಿನ ಹೆಜ್ಜೆ ಹಾವೇ ಬಲ್ಲುದು ಅನ್ನುತ್ತೇವಲ್ಲ, ವಿದ್ಯಾರ್ಥಿಗಳ ತಪ್ಪನ್ನು ವಿದ್ಯಾರ್ಥಿಗಳೇ ವಿಚಾರಿಸಲಿ ಎಂಬ ವಾದ ನಿಂತಿರುವುದು ಆ ಮಾತಿನ ಮೇಲೆ. ಆದರೆ ನಮ್ಮಲ್ಲಿ ಇನ್ನೊಂದು ಮಾತೂ ಇದೆ: ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಎರಡು ಶತಮಾನಗಳಿಂದ ಆ ವಾದ ಈ ಎರಡು ಗಾದೆಗಳ ನಡುವೆಯೇ ತೂಗಾಡುತ್ತ ಬಂದಿದೆ.

ಜೆಫರ್‌ಸನ್ ಅತ್ತ ದಿನ

ಅಮೆರಿಕದ ಮಾಜಿ ಅಧ್ಯಕ್ಷ ಥಾಮಸ್ ಜೆಫರ್‌ಸನ್ ತಾವು ಕಟ್ಟಿದ ವರ್ಜೀನಿಯಾ ವಿಶ್ವವಿದ್ಯಾಲಯ 1825ರಲ್ಲಿ ಬಾಗಿಲು ತೆರೆದಾಗ, ಸಣ್ಣಪುಟ್ಟ ತಪ್ಪುಗಳನ್ನು ವಿದ್ಯಾರ್ಥಿಗಳದೇ ಮಂಡಳಿ ವಿಚಾರಿಸಲಿ ಎಂದು ಬಯಸಿದ್ದರು. ಅದೇ ಅಕ್ಟೋಬರಿನಲ್ಲಿ ಮುಸುಕು ಹಾಕಿಕೊಂಡ ಹುಡುಗರು ರಾತ್ರಿ ದಾಂಧಲೆ ಎಬ್ಬಿಸಿ, ಅಧ್ಯಾಪಕರ ಮೇಲೇ ಕೈಮಾಡಿದರು. ಯಾರು ಮಾಡಿದ್ದೆಂದು ಕೇಳಿದರೆ ಹೆಸರು ಹೇಳುವವರೇ ಇಲ್ಲ. 82 ವರ್ಷದ ಜೆಫರ್‌ಸನ್ ಆಡಳಿತ ಮಂಡಳಿಯೊಂದಿಗೆ ಬಂದು ವಿದ್ಯಾರ್ಥಿಗಳ ಮುಂದೆ ನಿಂತರು. ಮಾತು ಹೊರಡಲಿಲ್ಲ, ಕಣ್ಣೀರು ಬಂತು. ಆಮೇಲೆ ತಪ್ಪಿತಸ್ಥರು ಒಬ್ಬೊಬ್ಬರಾಗಿ ಮುಂದೆ ಬಂದರು. ಹೊರಹಾಕಿಸಿಕೊಂಡವರಲ್ಲಿ ಜೆಫರ್‌ಸನ್ನರ ಸಂಬಂಧಿಕನೂ ಒಬ್ಬ.

1840ರಲ್ಲಿ ಅದೇ ಆವರಣದಲ್ಲಿ ಮುಸುಕುಧಾರಿ ವಿದ್ಯಾರ್ಥಿಯೊಬ್ಬ ಕಾನೂನು ಪ್ರಾಧ್ಯಾಪಕ ಜಾನ್ ಡೇವಿಸ್ ಅವರಿಗೆ ಗುಂಡು ಹೊಡೆದ. ಆ ಆಘಾತದ ನೆನಪಿನಲ್ಲೇ 1842ರಲ್ಲಿ ಪರೀಕ್ಷೆಗೆ ಪ್ರಮಾಣ ಸಹಿ ಮಾಡುವ ಪದ್ಧತಿ ಬಂತು. ಅದರಿಂದ ಪೂರ್ತಿ ವಿದ್ಯಾರ್ಥಿಗಳೇ ನಡೆಸುವ 'ಆನರ್' ವ್ಯವಸ್ಥೆ ಬೆಳೆಯಿತು. ಅಲ್ಲಿ ಬಹುಕಾಲ ಇದ್ದದ್ದು ಒಂದೇ ಶಿಕ್ಷೆ, ಕಾಯಂ ಉಚ್ಚಾಟನೆ. 2022ರಲ್ಲಿ ವಿದ್ಯಾರ್ಥಿಗಳೇ ಮತ ಹಾಕಿ ಅದನ್ನು ಕೈಬಿಟ್ಟರು. ಶಿಕ್ಷೆ ವಿಪರೀತ ಕಠಿಣವಾದರೆ ತಪ್ಪಿತಸ್ಥ ಎನ್ನಲು ಓರಗೆಯವರ ಬಾಯೇ ಬರುವುದಿಲ್ಲ ಎಂಬ ಅನುಭವವೂ ಆ ಬದಲಾವಣೆಯ ಹಿಂದಿತ್ತು.

ಗ್ರೀಕ್ ಅಕ್ಷರದ ಮನೆಗಳು

ಜೆಫರ್‌ಸನ್ ಅತ್ತ ವರ್ಷವೇ ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ ಕಪ್ಪಾ ಆಲ್ಫಾ ಸೊಸೈಟಿ ಹುಟ್ಟಿತು. ಗ್ರೀಕ್ ಅಕ್ಷರಗಳ ಹೆಸರು, ಗುಟ್ಟಿನ ವಿಧಿ, ಆಜೀವ ಬಂಧುತ್ವ ಇವೆಲ್ಲ ಸೇರಿದ ಸಾಮಾಜಿಕ ಫ್ರಟರ್ನಿಟಿಯ ಅಚ್ಚು ಅಲ್ಲಿ ಸಿದ್ಧವಾಯಿತು. ಹುಡುಗಿಯರ ಸಂಘಗಳು ಶತಮಾನದ ಮಧ್ಯದಿಂದ ಬೆಳೆದವು. ಇವರು ಒಬ್ಬರನ್ನೊಬ್ಬರು ಬ್ರದರ್, ಸಿಸ್ಟರ್ ಎಂದೇ ಕರೆಯುವುದು. ಮುಂದಿನ ತೊಡಕಿನ ಬೀಜ ಈ ಸಂಬೋಧನೆಯಲ್ಲೇ ಇದೆ: ಅಣ್ಣನ ಮೇಲೆ ತಮ್ಮ ಹೇಗೆ ದೂರು ಕೊಟ್ಟಾನು?

ಹೊಸಬರನ್ನು ಸತಾಯಿಸುವ 'ಹೇಜಿಂಗ್' ನಮ್ಮ ರ‍್ಯಾಗಿಂಗಿನ ನೆಂಟನೇ, ಆದರೆ ಸ್ವಭಾವ ಬೇರೆ. ರ‍್ಯಾಗಿಂಗಿಗೆ ಹೊಸಬನಾಗಿದ್ದರೆ ಸಾಕು. ಹೇಜಿಂಗ್ ಒಳಗೆ ಸೇರಬೇಕೆಂದು ತಾನಾಗಿ ಬಂದವನು ತೆರುವ ಸುಂಕ. ಹಾಗಾಗಿ ನೊಂದವನೇ ಅದನ್ನು ಮುಚ್ಚಿಡುತ್ತಾನೆ. 1873ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಮಾರ್ಟಿಮರ್ ಲೆಗೆಟ್ ಎಂಬ ಹುಡುಗ ದೀಕ್ಷೆಯ ರಾತ್ರಿ ಕಮರಿಗೆ ಬಿದ್ದು ಸತ್ತ.

ಸಂಘಗಳು ಪರಸ್ಪರ ಕಟ್ಟುಪಾಡು ಹಾಕಿಕೊಂಡದ್ದು ಮಾತ್ರ ಸದಸ್ಯರನ್ನು ಸೆಳೆಯುವ ಪೈಪೋಟಿ ಮಿತಿಮೀರಿದಾಗ. 1902ರಲ್ಲಿ ಷಿಕಾಗೋದಲ್ಲಿ ಸೊರೊರಿಟಿಗಳು ಸೇರಿ ಈಗಿನ ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್‌ಗೆ ಬುನಾದಿ ಹಾಕಿದವು. 1909ರಲ್ಲಿ ಫ್ರಟರ್ನಿಟಿಗಳ ಒಕ್ಕೂಟ ಬಂತು. ವರ್ಣಭೇದದ ಆ ದಿನಗಳಲ್ಲಿ ತಮ್ಮದೇ ಸಂಘ ಕಟ್ಟಿಕೊಂಡಿದ್ದ ಕಪ್ಪು ವಿದ್ಯಾರ್ಥಿಗಳು 1930ರಲ್ಲಿ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ನ್ಯಾಷನಲ್ ಪ್ಯಾನ್-ಹೆಲೆನಿಕ್ ಕೌನ್ಸಿಲ್ ಸ್ಥಾಪಿಸಿದರು. ಈ ಒಕ್ಕೂಟಗಳಿಗೆ ಸೇರಿದ ಕ್ಯಾಂಪಸ್ ಮಟ್ಟದ ಕೌನ್ಸಿಲ್‌ಗಳ ನೆರಳಲ್ಲೇ ವಿದ್ಯಾರ್ಥಿ ವಿಚಾರಣಾ ಮಂಡಳಿಗಳು ಬೇರುಬಿಟ್ಟವು. 1990ರ ದಶಕದಲ್ಲಿ ದಕ್ಷಿಣ ಏಷ್ಯಾ ಮೂಲದವರ ಸಂಘಗಳೂ ಹುಟ್ಟಿದವು. ಆಸ್ಟಿನ್‌ನ ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ 1998ರಲ್ಲಿ ಶುರುವಾದ ಕಪ್ಪಾ ಫೈ ಗಾಮಾ ಅಂಥದ್ದು. ಅಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳಿಗೂ ಈ ಮನೆಗಳ ಬಾಗಿಲು, ಹಾಗೆಯೇ ಈ ಮೇಜಿನ ಎರಡೂ ಬದಿಯ ಕುರ್ಚಿಗಳು, ತೆರೆದಿವೆ.

ಅಪ್ಪನ ಗದರಿಕೆ ಹೋಗಿ ನೋಟಿಸು ಬಂತು

ಬಹುಕಾಲ ಕಾಲೇಜೆಂದರೆ ಅಪ್ಪನ ಸ್ಥಾನ. 1913ರಲ್ಲಿ ಬೆರಿಯಾ ಕಾಲೇಜಿನ ಮೊಕದ್ದಮೆಯಲ್ಲಿ ಕೆಂಟಕಿಯ ನ್ಯಾಯಾಲಯ ಅದನ್ನೇ ಹೇಳಿತು. ಅಪ್ಪ ಮಗನನ್ನು ಗದರುವ ಮೊದಲು ನೋಟಿಸು ಕೊಡುತ್ತಾನೆಯೇ? ಕಾಲೇಜೂ ಕೊಡುತ್ತಿರಲಿಲ್ಲ.

ಆ ಕಾಲ ಮುಗಿಸಿದ್ದು ಫ್ರಟರ್ನಿಟಿ ಪ್ರಕರಣವಲ್ಲ. 1960ರಲ್ಲಿ ಆಲಬಾಮಾ ಸ್ಟೇಟ್ ಕಾಲೇಜಿನ ಕಪ್ಪು ವಿದ್ಯಾರ್ಥಿಗಳು ಮಾಂಟ್‌ಗೊಮರಿಯ ಕೋರ್ಟ್ ಕಟ್ಟಡದ ಉಪಾಹಾರ ಗೃಹದಲ್ಲಿ, ಬಿಳಿಯರಿಗಷ್ಟೇ ಮೀಸಲಾಗಿದ್ದಲ್ಲಿ, ಹೋಗಿ ಕೂತರು. ಒಂದು ಮಾತೂ ಕೇಳದೆ ಅವರಲ್ಲಿ ಹಲವರನ್ನು ಕಾಲೇಜಿನಿಂದ ಹೊರಹಾಕಲಾಯಿತು. ಅವರ ಮೊಕದ್ದಮೆಯಲ್ಲಿ ಬಂದ 1961ರ ಡಿಕ್ಸನ್ ತೀರ್ಪು ಹೇಳಿತು: ಸರ್ಕಾರಿ ಕಾಲೇಜು ವಿದ್ಯಾರ್ಥಿಯನ್ನು ಉಚ್ಚಾಟಿಸುವ ಮೊದಲು ಆರೋಪ ಏನೆಂದು ತಿಳಿಸಬೇಕು, ಅವನ ಮಾತು ಕೇಳಬೇಕು. ಇಂದು ಫ್ರಟರ್ನಿಟಿ ಅಧ್ಯಕ್ಷನ ಕೈಗೆ ಬರುವ ನೋಟಿಸಿನ ಮೂಲ ಆ ಉಪಾಹಾರ ಗೃಹದಲ್ಲಿ ಕೂತವರ ಧೈರ್ಯದಲ್ಲಿದೆ.

ನೋಟಿಸು, ವಿಚಾರಣೆ, ಮೇಲ್ಮನವಿ ಬಂದ ಮೇಲೆ ಅದಕ್ಕೊಂದು ವೃತ್ತಿಯೂ ಬೆಳೆಯಿತು. 1988ರಲ್ಲಿ ವಿದ್ಯಾರ್ಥಿ ಶಿಸ್ತು ಅಧಿಕಾರಿಗಳ ರಾಷ್ಟ್ರೀಯ ಸಂಘ ಸ್ಥಾಪನೆಯಾಯಿತು. ಕ್ರಮೇಣ ಮಂಡಳಿಯ ವಿದ್ಯಾರ್ಥಿಗಳಿಗೆ ತರಬೇತಿ, ಕೈಪಿಡಿ, ಗೋಪ್ಯತೆಯ ಒಪ್ಪಂದ ಎಲ್ಲ ಬಂದವು.

ಮೇಜಿನ ಮೇಲಿನ ಲೆಕ್ಕ

ಈ ಮಂಡಳಿ ಕೋರ್ಟಲ್ಲ. ಯಾರನ್ನೂ ಕೈಹಿಡಿದು ಎಳೆತರುವ ಅಧಿಕಾರ ಅದಕ್ಕಿಲ್ಲ. ಅನುಮಾನಕ್ಕೆ ಎಡೆಯಿಲ್ಲದ ರುಜುವಾತನ್ನೂ ಅದು ಸಾಮಾನ್ಯವಾಗಿ ಕೇಳುವುದಿಲ್ಲ. 'ನಡೆದಿಲ್ಲ' ಅನ್ನುವುದಕ್ಕಿಂತ 'ನಡೆದಿದೆ' ಅನ್ನುವ ತಟ್ಟೆ ಒಂದಿಷ್ಟು ತೂಗಿದರೆ ಸಾಕು. ಆರೋಪಿ ಶಾಖೆಯ ಸದಸ್ಯ ಮಂಡಳಿಯಲ್ಲಿದ್ದರೆ ಆ ದಿನ ಎದ್ದು ಹೋಗಬೇಕು. ಸೊರೊರಿಟಿಗಳ ಪದ್ಧತಿಯಲ್ಲಿ ಮೊದಲು ರಾಜಿ ಮಾತುಕತೆ, ಅದು ಮುರಿದರೆ ಮಾತ್ರ ವಿಚಾರಣೆ. ಅಲ್ಲಿನ ಎಷ್ಟೋ ದೂರುಗಳು ನಮಗೆ ಕ್ಷುಲ್ಲಕ ಅನ್ನಿಸಬಹುದು: ಆಯ್ಕೆಯ ವಾರದಲ್ಲಿ ಉಡುಗೊರೆ ಕೊಟ್ಟರು, ಮಾತಾಡಬಾರದ ಹೊತ್ತಿನಲ್ಲಿ ಮಾತಾಡಿಸಿದರು.

ನಿಜವಾದ ಗಂಟು ಇರುವುದು ಬೇರೆಡೆ. ಕಟಕಟೆಯಲ್ಲಿರುವುದು ವ್ಯಕ್ತಿಯಲ್ಲ, ಶಾಖೆಯೆಂಬ ಇಡೀ ಮನೆ. ಹತ್ತು ಜನ ಮಾಡಿದ್ದು ಎಂಬತ್ತು ಜನರ ತಪ್ಪಾಗುವುದು ಯಾವಾಗ? ಜಾಗ ಯಾರದು, ದುಡ್ಡು ಶಾಖೆಯ ಖಾತೆಯಿಂದ ಹೋಯಿತೇ, ಪದಾಧಿಕಾರಿಗಳಿಗೆ ಗೊತ್ತಿತ್ತೇ, ಕರೆ ಹೋದದ್ದು ಶಾಖೆಯ ಗುಂಪು ಸಂದೇಶದಲ್ಲೇ? ಫೋನಿನ ಪ್ರಶ್ನೆ ಮುಖ್ಯವಾಗುವುದು ಇಲ್ಲೇ. ಗೆಳೆಯರ ಕೂಟದಲ್ಲಿ ಯಾರೂ ಫೋನು ಒಪ್ಪಿಸುವುದಿಲ್ಲ. ಫೋನು ಇಸ್ಕೊಂಡರು ಎಂದರೆ ಅಲ್ಲೊಂದು ವಿಧಿ ನಡೆದಿದೆ, ಅದನ್ನು ನಡೆಸಿದವರಿದ್ದಾರೆ, ಮುಚ್ಚಿಡಬೇಕೆಂಬ ಎಚ್ಚರವೂ ಇತ್ತು.

ಕೈತಪ್ಪಿದ ಪ್ರಕರಣಗಳು

ಆದರೆ ದೊಡ್ಡ ಪ್ರಕರಣಗಳು ಒಂದೊಂದಾಗಿ ಈ ಮೇಜಿನಿಂದ ಜಾರಿದವು. ಲೈಂಗಿಕ ದೌರ್ಜನ್ಯದ ವಿಚಾರಣೆಯಲ್ಲಿ ವಿದ್ಯಾರ್ಥಿಗಳನ್ನು ಕೂರಿಸುವುದು ಒಳ್ಳೆಯದಲ್ಲ ಎಂದು ಕೇಂದ್ರ ಶಿಕ್ಷಣ ಇಲಾಖೆ 2014ರಲ್ಲಿ ಹೇಳಿತು. ತನ್ನ ನೋವನ್ನು ನಾಳೆ ತರಗತಿಯಲ್ಲಿ ಎದುರಾಗುವವನ ಮುಂದೆ ಹೇಳಿಕೊಳ್ಳುವುದು ಯಾವ ಹುಡುಗಿಗೆ ಸುಲಭ?

ಎರಡನೆಯ ಪೆಟ್ಟು 2017ರ ಫೆಬ್ರುವರಿಯದು. ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಬೀಟಾ ಥೀಟಾ ಪೈ ಮನೆಯಲ್ಲಿ ಹೊಸ ಸದಸ್ಯ ತಿಮೊಥಿ ಪಿಯಾಝಾನಿಗೆ ಕುಡಿಸಲಾಯಿತು. ಅವನು ನೆಲಮಾಳಿಗೆಯ ಮೆಟ್ಟಿಲಿನಿಂದ ಉರುಳಿದ. ಗಂಟೆಗಟ್ಟಲೆ ಯಾರೂ ಆಂಬುಲೆನ್ಸ್ ಕರೆಯಲಿಲ್ಲ. ಆ ರಾತ್ರಿಯ ಬಹುಪಾಲು ಮನೆಯ ಕ್ಯಾಮೆರಾಗಳಲ್ಲೇ ದಾಖಲಾಗಿತ್ತು. ಅವನು ಎರಡು ದಿನಗಳಲ್ಲಿ ತೀರಿಕೊಂಡ. ಅದೇ ವರ್ಷ ವಿಶ್ವವಿದ್ಯಾಲಯವು ಫ್ರಟರ್ನಿಟಿ, ಸೊರೊರಿಟಿಗಳ ಶಿಸ್ತು ವಿಚಾರಣೆಯನ್ನು ವಿದ್ಯಾರ್ಥಿ ಕೌನ್ಸಿಲ್‌ಗಳ ಕೈಯಿಂದ ತೆಗೆದುಕೊಂಡಿತು. ಬೇಲಿಯ ಗಾದೆ ಗೆದ್ದಿತು. 2018ರಲ್ಲಿ ಪೆನ್ಸಿಲ್ವೇನಿಯಾ ಪಿಯಾಝಾನ ಹೆಸರಲ್ಲೇ ಕಠಿಣ ಕಾನೂನು ತಂದಿತು. ಲೂಸಿಯಾನಾ ಮತ್ತು ಒಹಾಯೋ ಕೂಡ ತಂತಮ್ಮಲ್ಲಿ ಸತ್ತ ಹುಡುಗರ ಹೆಸರಿನಲ್ಲಿ ಕಾನೂನು ಮಾಡಿದವು.

2024ರ ಡಿಸೆಂಬರಿನಲ್ಲಿ ಬಂದ 'ಸ್ಟಾಪ್ ಕ್ಯಾಂಪಸ್ ಹೇಜಿಂಗ್' ಕೇಂದ್ರ ಕಾನೂನು ಎರಡು ಕೆಲಸ ಮಾಡಿತು. 'ಅವನೇ ಒಪ್ಪಿ ಬಂದಿದ್ದ' ಎಂಬ ನೆಪಕ್ಕೆ ಅದರ ವ್ಯಾಖ್ಯೆಯಲ್ಲಿ ಜಾಗವಿಲ್ಲ. ತಪ್ಪಿತಸ್ಥ ಸಂಘಗಳ ಹೆಸರನ್ನು ವಿಶ್ವವಿದ್ಯಾಲಯ ಸಾರ್ವಜನಿಕವಾಗಿ ಪ್ರಕಟಿಸಬೇಕು. ವಿದ್ಯಾರ್ಥಿಗಳ ವೈಯಕ್ತಿಕ ದಾಖಲೆಗೆ 1974ರ ಕಾನೂನಿನ ರಕ್ಷಣೆಯಿದೆ. ಸಂಘಕ್ಕೆ ಆ ಮರೆ ಇಲ್ಲ. ಮುಚ್ಚಿದ ಬಾಗಿಲ ಹಿಂದಿನ ತೀರ್ಮಾನವನ್ನು ಈಗ ಮಗಳನ್ನು ಕಾಲೇಜಿಗೆ ಸೇರಿಸಲು ಬಂದ ತಾಯಿಯೂ ಓದಬಹುದು.

ಉಳಿದ ಕುರ್ಚಿ

ಹಾಗಾದರೆ ವಿದ್ಯಾರ್ಥಿಗಳ ಪಾಲಿಗೆ ಉಳಿದದ್ದೇನು? ಹಲವು ಕಡೆ ಆಯ್ಕೆ ನಿಯಮದ ಉಲ್ಲಂಘನೆ, ಗದ್ದಲದ ದೂರು, ನೋಂದಾಯಿಸದ ಪಾರ್ಟಿ. ಕೆಲವು ಕಡೆ ಅಧಿಕಾರಿಗಳ ಜೊತೆ ಒಂದೆರಡು ಕುರ್ಚಿ. ಸಾವು ಸಂಭವಿಸಿದ ಮೇಲಿನ ವಿಚಾರಣೆಗೆ ಪೊಲೀಸರಿದ್ದಾರೆ, ಅದು ಅವರದೇ ಕೆಲಸ. ಮಂಡಳಿಯ ಕೆಲಸ ಅದಕ್ಕೂ ಹಿಂದಿನದು: ಯಾರೂ ಸಾಯದ ರಾತ್ರಿಗಳನ್ನು ಗಂಭೀರವಾಗಿ ನೋಡುವುದು. ಪಿಯಾಝಾನ ರಾತ್ರಿಗೆ ಮುಂಚೆ ಅಂಥ ರಾತ್ರಿಗಳು ಎಷ್ಟು ಮನೆಗಳಲ್ಲಿ, ಎಷ್ಟು ಸಲ ದಾಟಿಹೋಗಿರಬಹುದು!

ಆ ಅಣಕು ವಿಚಾರಣೆಗೇ ಮರಳೋಣ. ಫೋನಿನ ಪ್ರಶ್ನೆಗೆ ಅಧ್ಯಕ್ಷನ ಪಾತ್ರಧಾರಿ ತಡವರಿಸುತ್ತಾನೆ, ಉಳಿದವರು ಭೇಷ್ ಅನ್ನುತ್ತಾರೆ. ಆಗ ಮೇಜಿನ ತುದಿಯಲ್ಲಿದ್ದ ಸಲಹೆಗಾರ ಮೊದಲ ಸಲ ಬಾಯಿ ತೆರೆದು ಆ ಹುಡುಗಿಯನ್ನು ಕೇಳುತ್ತಾನೆ: "ನಿಮಗೆ ಇದು ಹೊಳೆದದ್ದು ಹೇಗೆ?" ಅವಳು ಉತ್ತರ ಕೊಡುವುದಿಲ್ಲ. ಅವಳ ಸೊರೊರಿಟಿ ಮನೆಯ ಬಾಗಿಲ ಬಳಿಯೂ ಫೋನು ಹಾಕಿಸಿಕೊಳ್ಳುವ ಒಂದು ಬುಟ್ಟಿ ಇದ್ದೀತು.