ಮಲ್ಲವಿನೋದವೂ ಮೂವತ್ತರ ಮೇರೆಯೂ

ಚಿಟಗುಪ್ಪ, ಹುಮನಾಬಾದ, ಬಸವಕಲ್ಯಾಣಗಳ ಸೀಮೆಯಲ್ಲಿ ಜಾತ್ರೆಯೆಂದರೆ ತೇರಿನಷ್ಟೇ ಕುಸ್ತಿಯೂ ಜನರ ಮನಸ್ಸಿನಲ್ಲಿ ನಿಂತಿರುತ್ತದೆ. ಅಖಾಡದ ಮಣ್ಣನ್ನು ಅಗೆದು ಹಸನುಮಾಡಿ, ಹಲಗೆಯನ್ನು ಬಾರಿಸಿ, ಮೊದಲು ಎಳೆಯ ಹುಡುಗರನ್ನು ತೆಂಗಿನಕಾಯಿಯ ಕುಸ್ತಿಗೆ ಬಿಡುವರು. ಹೊತ್ತು ಇಳಿದಂತೆ ಪಣವು ಏರುತ್ತ ಹೋಗಿ, ಕಟ್ಟಕಡೆಯ ಜೋಡಿಗೆ ಬೆಳ್ಳಿಯ ಕಡಗವು ಸಲ್ಲುವುದು. ಸುತ್ತಲೂ ಕುಳಿತು ತಲೆದೂಗುವವರಲ್ಲಿ ಮಕ್ಕಳೊಂದಿಗರಾದ ಗೃಹಸ್ಥರೇ ಹೆಚ್ಚು. ಇವರಲ್ಲಿ ಯಾವನಾದರೊಬ್ಬನು, ಹಿಂದೆ ಎಂದೂ ಮಣ್ಣು ಮುಟ್ಟದವನು, ಮೂವತ್ತೈದನೆಯ ವಯಸ್ಸಿನಲ್ಲಿ ತಾಲೀಮಿನ ಬಾಗಿಲಿಗೆ ಹೋಗಿ ತನಗೂ ಪಟ್ಟುಗಳನ್ನು ಕಲಿಸಬೇಕೆಂದು ಬೇಡಿಕೊಂಡನೆನ್ನೋಣ. ಉಸ್ತಾದನು ಅವನನ್ನು ಬಯ್ಯಲಾರನು. ನಕ್ಕು, ಮಗನಿದ್ದರೆ ಕಳುಹಿಸೆಂದು ಹೇಳಿ ಕಳುಹಿಸಿಬಿಡುವನು. ‘ತಾಲೀಮು’ ಎಂಬುದು ಅರಬ್ಬೀ ಮೂಲದ ಮಾತು. ಅದರ ಅರ್ಥವು ಶಿಕ್ಷಣವೆಂದೇ. ಶಿಕ್ಷಣವೆಂದು ಹೆಸರು ಹೊತ್ತ ಮನೆಯಲ್ಲಿ ಪ್ರಾಯದವನಿಗೆ ಪ್ರವೇಶವಿಲ್ಲದಿರುವುದು ಹೇಗೆ ಬಂದಿತೆಂಬುದು ವಿಚಾರಾರ್ಹವಾಗಿದೆ. ಇದರ ಒಂದು ಜಾಡು ಇದೇ ಸೀಮೆಯಲ್ಲಿ, ಕಲ್ಯಾಣದ ಅರಮನೆಯಲ್ಲಿಯೇ ದೊರೆಯುವುದು.

ಒಂದನೆಯ ಸೋಮೇಶ್ವರನ ಕಾಲದಲ್ಲಿ ಚಾಲುಕ್ಯರ ರಾಜಧಾನಿಯು ಮಾನ್ಯಖೇಟದಿಂದ ಕಲ್ಯಾಣಕ್ಕೆ ಬಂದಿತು. ಆ ವಂಶದ ಅರಸರ ಬಿರುದುಗಳನ್ನು ಸಾಲಾಗಿ ಓದಿದರೆ ಅದೊಂದು ಅಖಾಡದ ಕೂಗಿನಂತೆಯೇ ಕೇಳಿಸುವುದು: ಎರಡನೆಯ ಜಯಸಿಂಹನು ಜಗದೇಕಮಲ್ಲ, ಒಂದನೆಯ ಸೋಮೇಶ್ವರನು ಆಹವಮಲ್ಲ, ತ್ರೈಲೋಕ್ಯಮಲ್ಲ, ಎರಡನೆಯ ಸೋಮೇಶ್ವರನು ಭುವನೈಕಮಲ್ಲ, ಆರನೆಯ ವಿಕ್ರಮಾದಿತ್ಯನು ತ್ರಿಭುವನಮಲ್ಲ, ಅವನ ಮಗನಾದ ಮೂರನೆಯ ಸೋಮೇಶ್ವರನು ಭೂಲೋಕಮಲ್ಲ. ಈ ಭೂಲೋಕಮಲ್ಲನಿಗೆ ಸರ್ವಜ್ಞನೆಂಬ ಹೆಸರೂ ಇದ್ದಿತು. ಯುದ್ಧಕ್ಕಿಂತ ಗ್ರಂಥದಲ್ಲಿಯೇ ಅವನ ಕೀರ್ತಿಯು ಉಳಿದಿದೆ. ಅವನ ‘ಮಾನಸೋಲ್ಲಾಸ’ದ ಜ್ಯೋತಿಷಗಣನೆಗೆ ಶಕ 1051ನೆಯ ವರ್ಷವನ್ನು ಹಿಡಿದಿರುವುದರಿಂದ ಗ್ರಂಥರಚನೆಯು ಕ್ರಿ.ಶ. 1129ರ ಸುಮಾರಿಗೆ ನಡೆದುದೆಂದು ವಿದ್ವಾಂಸರು ಎಣಿಸುತ್ತಾರೆ. ಐದು ವಿಂಶತಿಗಳು, ಒಂದೊಂದು ವಿಂಶತಿಗೆ ಇಪ್ಪತ್ತು ಅಧ್ಯಾಯಗಳು, ಒಟ್ಟು ನೂರು. ಅರಸನು ರಾಜ್ಯವನ್ನು ಪಡೆಯುವುದು, ಪಡೆದುದನ್ನು ಉಳಿಸಿಕೊಳ್ಳುವುದು, ಉಣ್ಣುವುದು, ಉಡುವುದು, ವಿನೋದಿಸುವುದು, ಆಡುವುದು ಎಲ್ಲವೂ ಅದರಲ್ಲಿ ಅಡಕವಾಗಿವೆ. ಬಡೋದೆಯ ಗಾಯಕವಾಡ ಪ್ರಾಚ್ಯಮಾಲೆಯಲ್ಲಿ ಶ್ರೀಗೊಂಡೇಕರರು ಇದನ್ನು 1925, 1939 ಮತ್ತು 1961ರಲ್ಲಿ ಮೂರು ಸಂಪುಟಗಳಾಗಿ ಪ್ರಕಟಿಸಿದ ಬಳಿಕ ಇದು ಸರ್ವರಿಗೂ ಸುಲಭವಾಯಿತು.

ವಿನೋದವಿಂಶತಿಯಲ್ಲಿ ಮಲ್ಲವಿನೋದವೆಂಬುದೊಂದು ಅಧ್ಯಾಯವಿದೆ. ಅಲ್ಲಿ ಮಲ್ಲರನ್ನು ಮೈಕಟ್ಟು, ಬಲಗಳಿಗನುಸಾರವಾಗಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಎಂದು ಮೂರು ತರವಾಗಿ ವಿಂಗಡಿಸಿದೆ. ವಯಸ್ಸಿನ ವಿಂಗಡಣೆಯು ಬೇರೆ: ಇಪ್ಪತ್ತು ವರ್ಷದವರೆಗಿನವನು ಭವಿಷ್ಣು, ಎಂದರೆ ಇನ್ನು ಆಗತಕ್ಕವನು; ಮೂವತ್ತರವರೆಗಿನವನು ಪ್ರರೂಢ, ಎಂದರೆ ಬೇರೂರಿ ಬೆಳೆದವನು. ಅಲ್ಲಿಗೆ ಲೆಕ್ಕವು ನಿಲ್ಲುತ್ತದೆ. ಅನಂತರ ಅವರು ಮಾಡತಕ್ಕ ಶ್ರಮಗಳು ಬರುತ್ತವೆ. ಭಾರವನ್ನೆತ್ತುವ ಭಾರಶ್ರಮ, ನಡಿಗೆಯ ಭ್ರಮಣಶ್ರಮ, ನೀರಿನಲ್ಲಿ ಈಸುವ ಸಲಿಲಶ್ರಮ, ತೋಳುಗಳ ಬಾಹುಪೆಲ್ಲಣಕ ಶ್ರಮ, ಕಂಬದ ಮೇಲಿನ ಸ್ತಂಭಶ್ರಮ. ಈ ಕಡೆಯದನ್ನೇ ಈಗಿನ ಮಲ್ಲಗಂಬದ ಪ್ರಾಚೀನ ಉಲ್ಲೇಖವೆಂದು ಹೇಳುವುದುಂಟು. ಅರಸನು ಮಲ್ಲರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಉತ್ತಮವಾದ ಭಕ್ಷ್ಯಗಳನ್ನು ಒದಗಿಸತಕ್ಕದ್ದು. ಅವರನ್ನು ಸ್ತ್ರೀಸಂಗದಿಂದ ದೂರವಿರಿಸತಕ್ಕದ್ದು. ಪಟ್ಟುಗಳ ಹೆಸರುಗಳೂ ಅಲ್ಲಿವೆ. ಅವುಗಳ ವಿವರಣೆ ಮಾತ್ರ ಇಲ್ಲ. ಬಾಣಸಿನ ಅಧ್ಯಾಯದಲ್ಲಿ ಯಾವ ಹಿಟ್ಟಿಗೆ ಯಾವ ಒಗ್ಗರಣೆಯೆಂಬುದನ್ನೂ ಬಿಡದೆ ಬರೆದ ಅರಸನು ಮಲ್ಲರ ಪಟ್ಟುಗಳಿಗೆ ಬಂದಾಗ ಬರಿಯ ಹೆಸರನ್ನಷ್ಟೇ ಹೇಳಿ ಸುಮ್ಮನಾದನು. ಅಡಿಗೆಯನ್ನು ಬರೆದಿಡಬಹುದು, ಹಿಡಿತವನ್ನು ಮೈಯಿಂದ ಮೈಗೆ ದಾಟಿಸಬೇಕಷ್ಟೆ.

ಮೂವತ್ತರ ಆ ಮೇರೆಯನ್ನು ದೇಹಶಾಸ್ತ್ರದ ನಿಯಮವೆಂದು ತಿಳಿಯುವುದು ಸರಿಯಾಗಲಾರದು. ಗ್ರಂಥವು ಅರಸನಿಗಾಗಿ ಬರೆದುದು. ಅಧ್ಯಾಯದ ಹೆಸರು ವಿನೋದ. ವಿನೋದಪಡತಕ್ಕವನು ಅರಸನು, ಮಲ್ಲನಲ್ಲ. ಹಾಲು, ಮಾಂಸಗಳೆಲ್ಲ ಭಂಡಾರದ ವೆಚ್ಚ. ಹಾಕಿದ ವೆಚ್ಚಕ್ಕೆ ತಕ್ಕ ಆಟವು ಎಷ್ಟು ವರ್ಷ ಬಂದೀತೆಂಬ ಅಂದಾಜು ಅದರಲ್ಲಿ ಅಡಗಿದೆ. ಕುದುರೆಯ ಹಲ್ಲನ್ನು ಎಣಿಸುವವನು ಕುದುರೆಗೆ ಸವಾರಿ ಕಲಿಯುವ ಆಸೆಯಿದೆಯೇ ಎಂದು ಕೇಳುವುದಿಲ್ಲವಷ್ಟೆ. ಹೀಗೆ ಮಲ್ಲವಿದ್ಯೆಯು ಅನ್ನದಾತನ ಕಣ್ಣಿನಿಂದ ಅಳೆಯಲ್ಪಟ್ಟಿತು. ಕಲಿಯುವವನ ಕಣ್ಣಿನಿಂದ ಅಳೆದವರು ಆಗ ಇರಲಿಲ್ಲ.

ವಿಜಯನಗರಕ್ಕೆ ಬಂದರೆ ಎರಡೂ ಮುಖಗಳು ಒಟ್ಟಿಗೆ ಕಾಣುವುವು. 1535ರ ಸುಮಾರಿಗೆ ಬರೆದ ಪೋರ್ತುಗೀಸ ನೂನಿಜನು ಮಹಾನವಮಿಯ ಉತ್ಸವಕ್ಕಾಗಿ ಅರಸನ ಬಳಿ ಸಾವಿರ ಮಂದಿ ಮಲ್ಲರಿದ್ದರೆಂದೂ, ಅವರಿಗೊಬ್ಬ ನಾಯಕನಿದ್ದನೆಂದೂ, ರಾಜ್ಯದಲ್ಲಿ ಅವರಿಗೆ ಬೇರೆ ಊಳಿಗವೇ ಇರಲಿಲ್ಲವೆಂದೂ ಹೇಳುತ್ತಾನೆ. ಕೈಯಲ್ಲಿ ಮೊನೆಗಳುಳ್ಳ ಬಳೆಗಳನ್ನು ಹಿಡಿದು ಅವರು ಒಬ್ಬರನ್ನೊಬ್ಬರು ಗಾಯಗೊಳಿಸುತ್ತಿದ್ದರು. ಯಾವನಿಗೆ ಗಾಯವು ಹೆಚ್ಚೋ ಅವನು ಹೋಗಿ ಅರಸನಿಂದ ಪಟ್ಟೆಯ ವಸ್ತ್ರವನ್ನು ಪಡೆಯುತ್ತಿದ್ದನಂತೆ. ಸೋತವನಿಗೆ ಮರ್ಯಾದೆ ಮಾಡುವ ಈ ಕ್ರಮವು ಮೆಚ್ಚತಕ್ಕದ್ದೋ, ರಕ್ತಕ್ಕೆ ಬೆಲೆ ಕಟ್ಟಿದುದೋ, ವಾಚಕರೇ ನಿರ್ಣಯಿಸಲಿ.

ಆದರೆ 1520ರ ಸುಮಾರಿನ ಪಾಯೆಸ್ ಎಂಬವನ ಬರಹದಲ್ಲಿ ಬೇರೊಂದು ಚಿತ್ರವಿದೆ. ಕೃಷ್ಣದೇವರಾಯನು ಬೆಳಕು ಹರಿಯುವ ಮುನ್ನವೇ ಎದ್ದು ಎಳ್ಳೆಣ್ಣೆಯನ್ನು ಕುಡಿದು, ಅದನ್ನೇ ಮೈಗೆಲ್ಲ ಬಳಿದುಕೊಂಡು, ಸೊಂಟಕ್ಕೊಂದು ಬಟ್ಟೆಯನ್ನು ಸುತ್ತಿ, ಮಣ್ಣಿನ ದೊಡ್ಡ ತೂಕಗಳನ್ನೆತ್ತಿ, ಎಣ್ಣೆಯೆಲ್ಲ ಬೆವರಾಗಿ ಹರಿಯುವವರೆಗೆ ಕತ್ತಿವರಸೆ ಮಾಡಿ, ಆ ಮೇಲೆ ತನ್ನ ಮಲ್ಲರಲ್ಲೊಬ್ಬನೊಡನೆ ಹೆಣಗುತ್ತಿದ್ದನು. ಅನಂತರ ಕುದುರೆಯನ್ನೇರಿ ಬಯಲಿನಲ್ಲಿ ಓಡಾಡಿಸುತ್ತಿದ್ದನು. 1509ರಲ್ಲಿ ಪಟ್ಟವೇರಿದ ಅರಸನು ಇವೆಲ್ಲವನ್ನೂ ಮಾಡುತ್ತಿದ್ದುದು ತುಂಬಿದ ಪ್ರಾಯದಲ್ಲಿ. ಅಲ್ಲಿ ಪಣವಿಲ್ಲ, ಹಲಗೆಯ ನಾದವಿಲ್ಲ, ನೋಡುವವರಿಲ್ಲ. ಪ್ರಾಯದವನ ಅಭ್ಯಾಸಕ್ಕೆ ಕನ್ನಡನಾಡಿನಲ್ಲಿ ಇದಕ್ಕಿಂತ ದೊಡ್ಡ ನಿದರ್ಶನವು ಬೇಡ. ಅರಸನಿಗೆ ಒಪ್ಪಿದುದು ಊರಿನ ಗೃಹಸ್ಥನಿಗೆ ಏಕೆ ಒಪ್ಪಲಿಲ್ಲವೆಂಬುದೇ ಪ್ರಶ್ನೆ.

ಅದಕ್ಕೆ ಒಂದು ಉತ್ತರವು ಜಾತಿಯಲ್ಲಿದೆ. ಮಾನಸೋಲ್ಲಾಸದ ಜ್ಯೇಷ್ಠಿಕನೇ ಕಾಲಾಂತರದಲ್ಲಿ ಜಟ್ಟಿಯಾದನೆಂದು ತೋರುತ್ತದೆ. ಗುಜರಾತಿನ ಮೊಢೇರದ ಜ್ಯೇಷ್ಠೀಮಲ್ಲರಿಗೆ ‘ಮಲ್ಲಪುರಾಣ’ವೆಂಬ ತಮ್ಮದೇ ಆದ ಸಂಸ್ಕೃತ ಪುರಾಣವಿದೆ, ಅದು 1964ರಲ್ಲಿ ಬಡೋದೆಯಿಂದಲೇ ಅಚ್ಚಾಯಿತು. ಮೈಸೂರಿನ ಜಟ್ಟಿಗಳು ಇಂದಿಗೂ ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ವಜ್ರಮುಷ್ಟಿಯ ಕಾಳಗವನ್ನು ನಡೆಸುತ್ತಾರೆ. ಒಬ್ಬನ ತಲೆಯಿಂದ ರಕ್ತವು ಚಿಮ್ಮಿದೊಡನೆ ಅದು ಮುಗಿಯುವುದು. ವಿದ್ಯೆಯು ಕುಲಕ್ಕೆ ಸೇರಿದಾಗ ತಂದೆಯಿಂದ ಮಗನಿಗೆ ಬರುವುದು, ಬಾಲ್ಯದಲ್ಲಿಯೇ ಬರುವುದು. ನಡುವಯಸ್ಸಿನಲ್ಲಿ ಹೊಸಬನು ಬಂದು ಸೇರಲು ಅಲ್ಲಿ ಎಡೆಯೇ ಇರುವುದಿಲ್ಲ. ಹಳ್ಳಿಯ ತಾಲೀಮು ಕುಲದ ಕಟ್ಟನ್ನು ಬಹುಮಟ್ಟಿಗೆ ಸಡಿಲಿಸಿತು. ಹಿಂದು, ಮುಸಲ್ಮಾನ ಹುಡುಗರು ಒಂದೇ ಮಣ್ಣಿನಲ್ಲಿ ಹೊರಳಿದುದು ಈ ಸೀಮೆಗೆ ಹೆಮ್ಮೆಯ ಸಂಗತಿ. ಆದರೆ ವಯಸ್ಸಿನ ಕಟ್ಟನ್ನು ಅದು ಬಿಡಲಿಲ್ಲ.

ಆ ಕಟ್ಟನ್ನು ಬಿಟ್ಟ ಮಲ್ಲವಿದ್ಯೆಯೊಂದು ಈಗ ಲೋಕದಲ್ಲಿ ಹರಡಿದೆ, ಬೆಂಗಳೂರಿಗೂ ಬಂದಿದೆ. ಅದರ ಹೆಸರು ಬ್ರೆಜಿಲ್ ದೇಶದ ಜಿಯು-ಜಿತ್ಸು. ಮೂಲವು ಜಪಾನು. 1860ರಲ್ಲಿ ಹುಟ್ಟಿದ ಕಾನೋ ಜಿಗೋರೋ ಎಂಬ ವಿದ್ಯಾವಂತನು ಹಳೆಯ ಯೋಧರ ಜುಜುತ್ಸುವನ್ನು ಕಲಿತು, ಅಪಾಯಕರವಾದುದನ್ನು ಬೇರ್ಪಡಿಸಿ, 1882ರಲ್ಲಿ ಟೋಕಿಯೋದ ಒಂದು ಬೌದ್ಧದೇವಾಲಯದಲ್ಲಿ ಕೊಡೋಕಾನ್ ಎಂಬ ಶಾಲೆಯನ್ನು ತೆರೆದನು. ಆ ಶಾಲೆಯ ಮಾಯೆದಾ ಮಿತ್ಸುಯೋ ಎಂಬವನು ದೇಶದೇಶಗಳಲ್ಲಿ ಕಾದಾಡಿ 1914ರಲ್ಲಿ ಬ್ರೆಜಿಲನ್ನು ಸೇರಿ, ಬೆಲೆಮ್ ಪಟ್ಟಣದಲ್ಲಿ ನೆಲಸಿದನು. ಅಲ್ಲಿ ಆ ವಿದ್ಯೆಯು ಗ್ರೇಸೀ ಮನೆತನದ ಕಾರ್ಲೋಸನಿಗೆ ದೊರೆಯಿತು. ಅವನು 1925ರಲ್ಲಿ ರಿಯೋ ನಗರದಲ್ಲಿ ಶಾಲೆಯನ್ನಿಟ್ಟನು. ಅವನ ತಮ್ಮ ಹೀಲಿಯೋ ಕೃಶಶರೀರನು. ಬಲವನ್ನು ನೆಚ್ಚದೆ ಸನ್ನೆಕೋಲಿನ ನ್ಯಾಯವನ್ನು ನೆಚ್ಚಿದನು.

ಕುಸ್ತಿಗೂ ಇದಕ್ಕೂ ಇರುವ ಮುಖ್ಯ ಭೇದವು ಒಂದೇ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆಯನ್ನು ಹೇಳಿ ಕನ್ನಡಿಗರು ನಗುತ್ತಾರೆ; ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿತೆಂದರೆ ಚಿತ್, ಕಥೆ ಮುಗಿಯಿತು. ಬ್ರೆಜಿಲ್ ಕ್ರಮದಲ್ಲಿ ಬೆನ್ನು ನೆಲಕ್ಕೆ ತಾಗಿದ ಮೇಲೆಯೇ ಬಹುಪಾಲು ವಿದ್ಯೆಯು ಮೊದಲಾಗುವುದು. ಕೆಳಗಿರುವವನು ಎರಡು ಕಾಲುಗಳಿಂದ ಮೇಲಿನವನ ಸೊಂಟವನ್ನು ಬಿಗಿದು, ತೋಳು ಕೊರಳುಗಳನ್ನು ಸಿಕ್ಕಿಸಿ, ಅಲ್ಲಿಂದಲೇ ಗೆಲ್ಲಬಹುದು. ಎದುರಾಳಿಯನ್ನು ಕೆಡವಿದರೆ 2 ಅಂಕ. ಅವನ ಕಾಲುಗಳ ಕೋಟೆಯನ್ನು ದಾಟಿದರೆ 3. ಅವನ ಮೇಲೆ ಕುಳಿತರೆ ಅಥವಾ ಬೆನ್ನನ್ನು ಹಿಡಿದರೆ 4. ಕೀಲನ್ನೋ ಕೊರಳನ್ನೋ ಬಿಗಿದಾಗ ಸಿಕ್ಕಿದವನು ಕೈಯಿಂದ ತಟ್ಟಿದರೆ ಆಟವು ಆ ಕ್ಷಣವೇ ನಿಲ್ಲುವುದು, ಅಂಕಗಳು ಎಷ್ಟೇ ಇರಲಿ.

ಪ್ರಾಯದವನಿಗೆ ಬಾಗಿಲನ್ನು ತೆರೆದುದು ಈ ತಟ್ಟುವಿಕೆಯೇ. ಜಾತ್ರೆಯ ಅಖಾಡದಲ್ಲಿ ಬೀಳುವುದು ವರ್ಷಕ್ಕೊಂದು ಸಲ, ಊರೆಲ್ಲ ನೋಡುತ್ತಿರುವಾಗ. ಜಿಯು-ಜಿತ್ಸುವಿನ ಚಾಪೆಯ ಮೇಲೆ ಹೊಸಬನು ಒಂದು ಸಂಜೆಯಲ್ಲಿ ಹತ್ತು ಸಲ ತಟ್ಟುವನು, ತನಗಿಂತ ಹದಿನೈದು ವರ್ಷ ಕಿರಿಯನಿಗೂ, ಅರ್ಧ ತೂಕದ ಹೆಣ್ಣುಮಗಳಿಗೂ. ಮರುದಿನ ಕೊರಳು ತಿರುಗದು, ಬೆರಳು ಮಡಿಚದು. ಆದರೂ ಅವನು ಕಚೇರಿಗೆ ಹೋಗಲೇಬೇಕು, ಮಕ್ಕಳ ಫೀಸನ್ನು ಕಟ್ಟಲೇಬೇಕು. ಮೊದಲ ತಿಂಗಳುಗಳಲ್ಲಿ ಅವನು ಉಸಿರನ್ನು ಹಿಡಿದು, ಇದ್ದ ಬಲವನ್ನೆಲ್ಲ ಎರಡು ನಿಮಿಷದಲ್ಲಿ ಸುರಿದು, ಬಳಿಕ ಬರಿದಾಗಿ ಮಲಗುವನು. ತರುಣನು ಬಲದಿಂದ ತಪ್ಪಿಸಿಕೊಳ್ಳುವುದನ್ನು ಇವನು ಯೋಚನೆಯಿಂದ ತಪ್ಪಿಸಿಕೊಳ್ಳಲು ಕಲಿಯಬೇಕಾಗುವುದು. ಬಿಳಿಯ ನಡುಕಟ್ಟಿನಿಂದ ಮೊದಲಾಗಿ ನೀಲಿ, ನೇರಿಳೆ, ಕಂದು, ಕಪ್ಪು ಎಂದು ಏರಬೇಕು. ಕಪ್ಪನ್ನು ಮುಟ್ಟಲು ಸಾಮಾನ್ಯವಾಗಿ ಹತ್ತು ವರ್ಷಗಳು ಹಿಡಿಯುವುವು. ವ್ಯಾಕರಣವನ್ನು ಕಲಿಯುವವನಿಗೆ ಈ ಲೆಕ್ಕವು ಅಪರಿಚಿತವಲ್ಲ: ಸೂತ್ರಪಾಠವು ಬಾಯಿಗೆ ಬಂದ ಎಷ್ಟೋ ಕಾಲದ ಮೇಲೆ ಪ್ರಯೋಗವು ನಾಲಗೆಗೆ ಬರುವುದು.

ಸ್ಪರ್ಧೆಯ ವಿಷಯದಲ್ಲಂತೂ ಕಲ್ಯಾಣದ ಗ್ರಂಥದ ಲೆಕ್ಕವು ತಲೆಕೆಳಗಾಗಿದೆ. ಈ ಆಟದ ಅಂತರರಾಷ್ಟ್ರೀಯ ಒಕ್ಕೂಟವೊಂದರ ನಿಯಮದಲ್ಲಿ ಮೂವತ್ತನೆಯ ವರ್ಷದಿಂದ ‘ಮಾಸ್ಟರ್’ ಎಂಬ ಬೇರೆ ಪಂಕ್ತಿಯೇ ಆರಂಭವಾಗುತ್ತದೆ. 30ರಿಂದ 35 ಮೊದಲನೆಯದು, ಹೀಗೆ ಏರುತ್ತ 61 ದಾಟಿದವರದು ಏಳನೆಯದು. ವಯಸ್ಸು, ತೂಕ, ನಡುಕಟ್ಟಿನ ಬಣ್ಣ ಮೂರನ್ನೂ ನೋಡಿ ಜೋಡಿ ಕಟ್ಟುವುದರಿಂದ, ನಾಲ್ವತ್ತೈದರ ಗುಮಾಸ್ತನು ತನ್ನಂತೆಯೇ ಮಂಡಿನೋವಿನ ಇನ್ನೊಬ್ಬ ಗೃಹಸ್ಥನನ್ನು ಎದುರಿಸುವನು. ಭೂಲೋಕಮಲ್ಲನ ಎಣಿಕೆಯು ನಿಂತ ಅಂಕೆಯಲ್ಲಿಯೇ ಇವರ ಎಣಿಕೆಯು ಹೊರಡುವುದು.

ಹಾಗೆಂದು ವಯಸ್ಸು ಸುಳ್ಳೆನ್ನುವಂತಿಲ್ಲ. 1951ರಲ್ಲಿ ರಿಯೋ ನಗರದ ಮರಕಾನಾ ಕ್ರೀಡಾಂಗಣದಲ್ಲಿ ಮೂವತ್ತೆಂಟು ವರ್ಷದ ಹೀಲಿಯೋ ಗ್ರೇಸಿಯು ಜಪಾನಿನ ಕಿಮುರಾ ಮಸಾಹಿಕೋವಿನೊಡನೆ ಹೆಣಗಿದನು. ಕಿಮುರಾ ಅವನಿಗಿಂತ ಕಿರಿಯನು, ತೂಕದಲ್ಲಿ ಬಹಳ ಹೆಚ್ಚಿನವನು. ತೋಳನ್ನು ಹಿಂದಕ್ಕೆ ತಿರುಚಿದ ಪಟ್ಟಿನಲ್ಲಿ ಸಿಕ್ಕಿಯೂ ಹೀಲಿಯೋ ತಟ್ಟಲಿಲ್ಲ. ಅಣ್ಣ ಕಾರ್ಲೋಸನೇ ಮುಂದೆ ಬಂದು ಸೋಲನ್ನೊಪ್ಪಿ ಬಿಡಿಸಿದನು. ತಟ್ಟುವುದೇ ವಿದ್ಯೆಯ ಮೊದಲ ಪಾಠವೆನ್ನುವ ಮನೆತನದಲ್ಲಿ ಹಿರಿಯನೇ ತಟ್ಟದೆ ಉಳಿದುದು ವಿಚಿತ್ರವಲ್ಲವೇ? ಆ ಬಳಿಕ ಬ್ರೆಜಿಲಿನವರು ಆ ಪಟ್ಟಿಗೆ ‘ಕಿಮುರಾ’ ಎಂದೇ ಹೆಸರಿಟ್ಟರು. ಸೋತವರು ಗೆದ್ದವನ ಹೆಸರನ್ನು ತಮ್ಮ ಪಾಠದಲ್ಲಿ ಸೇರಿಸಿಕೊಂಡ ಈ ಔದಾರ್ಯಕ್ಕೆ ವಿಜಯನಗರದ ಪಟ್ಟೆವಸ್ತ್ರವು ಸಾಟಿಯಾಗದು.

ಮಾಯೆದಾ ಹುಟ್ಟಿದ 1878ರಲ್ಲಿಯೇ ಭಾರತದ ಗಾಮಾ ಪೈಲ್ವಾನನೂ ಹುಟ್ಟಿದುದು ಇಲ್ಲಿ ನೆನೆಯತಕ್ಕದ್ದು. 1910ರಲ್ಲಿ ಲಂಡನ್ನಿನಲ್ಲಿ ಪೋಲೆಂಡಿನ ಝ್ಬಿಸ್ಕೋ ನೆಲಕ್ಕಂಟಿಕೊಂಡು ಗಾಮಾನನ್ನು ಗಂಟೆಗಟ್ಟಲೆ ತಡೆದನು. 1928ರಲ್ಲಿ ಪಟಿಯಾಲೆಯಲ್ಲಿ ಅದೇ ಝ್ಬಿಸ್ಕೋವನ್ನು ಗಾಮಾನು ಒಂದು ನಿಮಿಷ ಕಳೆಯುವುದರೊಳಗೆ ಕೆಡವಿದನು. ಆಗ ಅವನ ವಯಸ್ಸು ಐವತ್ತನ್ನು ಸಮೀಪಿಸಿದ್ದಿತು. ಅವನು ಹೊಸಬನಲ್ಲ, ನಿಜ. ಬಾಲ್ಯದಿಂದ ಸಂಸ್ಥಾನದ ಅನ್ನವನ್ನುಂಡು ಬೆಳೆದವನು. ಆದರೂ ಮೂವತ್ತರ ಮೇರೆಯು ಮೈಯದಲ್ಲ, ಭಂಡಾರದ್ದು ಎಂಬುದಕ್ಕೆ ಅವನೊಬ್ಬ ಸಾಕ್ಷಿ.

ಸಂಸ್ಥಾನಗಳು ಹೋದುವು. ನಿಜಾಮನ ಆಳ್ವಿಕೆ 1948ರಲ್ಲಿ ಮುಗಿಯಿತು. ಬೀದರವು 1956ರಲ್ಲಿ ಕನ್ನಡನಾಡನ್ನು ಸೇರಿತು. ಮಲ್ಲರಿಗೆ ಹಾಲು ಮಾಂಸಗಳನ್ನು ಒದಗಿಸುವ ಭಂಡಾರವು ಈಗ ಇಲ್ಲ. ಹುಡುಗರನ್ನು ಕಳುಹಿಸುವ ತಂದೆತಾಯಿಗಳೂ ಕಡಮೆ. ಹೀಗಿರುವಾಗ ತಾಲೀಮಿನ ಮಣ್ಣು ಒಣಗದಂತೆ ಎಣ್ಣೆ, ನೀರುಗಳನ್ನು ಹಾಕಿ ಮಿದುವಾಗಿಡುವ ವೆಚ್ಚವನ್ನು ಹೊರುವವರು ಯಾರು? ಜಿಯು-ಜಿತ್ಸುವಿನ ಶಾಲೆಗಳು ನಡೆಯುತ್ತಿರುವುದು ಬಹುಮಟ್ಟಿಗೆ ನಡುವಯಸ್ಸಿನವರು ತಿಂಗಳು ತಿಂಗಳು ತೆರುವ ಶುಲ್ಕದಿಂದ. ಗೆಲ್ಲುವ ತರುಣರು ಕೆಲವರೇ, ಅವರನ್ನು ಸಾಕುವವರು ಬೆಳಗಿನ ತಟ್ಟುವ ಗೃಹಸ್ಥರು. ಚಿಟಗುಪ್ಪ, ಹುಮನಾಬಾದಗಳ ಉಸ್ತಾದರು ಆ ಮೂವತ್ತೈದರವನನ್ನು ನಕ್ಕು ಕಳುಹಿಸುವ ಮೊದಲು, ನಸುಕಿನ ಒಂದು ಗಂಟೆಯನ್ನು ಅವನಿಗಾಗಿ ತೆಗೆದಿರಿಸಿ, ಬೆನ್ನು ತಾಗುವವರೆಗಲ್ಲ, ಕೈ ತಟ್ಟುವವರೆಗೆ ಎಂಬ ಕರಾರಿನ ಮೇಲೆ ಮಣ್ಣಿಗಿಳಿಸಿ ನೋಡಬಹುದು.